ಮಾನವೇ ಅಡಮಾನವಾದಾಗ: ಸಾಲದ ಮಾತು ಹೊಸ್ತಿಲು ದಾಟದಿರುವುದೇಕೆ

ಸಿಂಧನೂರು ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪನ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ, ಅವರ ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿದ್ದ ಸಣ್ಣ ಡೈರಿಯನ್ನು ಅವ್ವ ನನ್ನ ಕೈಗೆ ಕೊಟ್ಟಳು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಹಂಚುವ, ರಟ್ಟಿನ ಮೇಲೆ ಭತ್ತದ ತೆನೆಯ ಚಿತ್ರವಿರುವ ಡೈರಿ ಅದು. ಅದರ ಕೊನೆಯ ನಾಲ್ಕು ಪುಟಗಳಲ್ಲಿ ಯಾರ ಪೂರ್ತಿ ಹೆಸರೂ ಇರಲಿಲ್ಲ. ಒಂದೊಂದು ಅಕ್ಷರ, ಅದರ ಮುಂದೆ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಸಂಖ್ಯೆ: 'ಬ. 40 – 3', 'ವೀ. 25 – 5'. ಮೊದಲನೆಯದು ಸಾವಿರಗಳ ಲೆಕ್ಕ, ಎರಡನೆಯದು ನೂರಕ್ಕೆ ತಿಂಗಳಿಗೆ ಎಷ್ಟು ಬಡ್ಡಿ ಎಂಬುದರ ಲೆಕ್ಕ ಎಂದು ತಿಳಿಯಲು ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಮೂವತ್ತೊಂದು ವರ್ಷ ಅವರೊಂದಿಗೆ ಬಾಳಿದ ಅವ್ವನಿಗೆ ಏಳು ಅಕ್ಷರಗಳಲ್ಲಿ ಎರಡರ ಗುರುತು ಮಾತ್ರ ಸಿಕ್ಕಿತು. "ಕೇಳಿದ್ರ ಬೈತಿದ್ದ. ಹೇಳಿದ್ರ ನನಗ ನಿದ್ದಿ ಬರೂದಿಲ್ಲಂತ ಹೇಳಲಿಲ್ಲೇನೋ" ಎಂದಳು.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಯಾವ ಊರಿಗೆ ಹೋದರೂ ಇಂತಹ ಡೈರಿ, ಇಂತಹ ಚೀಟಿ, ಹೆಂಡತಿಗೆ ಕಾಣದಂತೆ ಟ್ರಂಕಿನ ತಳದಲ್ಲಿಟ್ಟ ಪ್ರೋನೋಟು, ಗಂಡನಿಗೆ ಕಾಣದಂತೆ ಅಕ್ಕಿ ಡಬ್ಬಿಯ ಹಿಂದೆ ಮಡಚಿಟ್ಟ ಸಂಘದ ಸಾಲದ ಕಾರ್ಡು ಸಿಗುತ್ತವೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ವರದಿಯ ಪ್ರಕಾರ 2019ರಲ್ಲಿ ದೇಶದ ಕೃಷಿ ಕುಟುಂಬಗಳಲ್ಲಿ ಶೇ 50.2ರಷ್ಟು ಸಾಲದಲ್ಲಿದ್ದವು, ಕರ್ನಾಟಕದಲ್ಲಿ ಈ ಪ್ರಮಾಣ ಮೂರರಲ್ಲಿ ಎರಡರಷ್ಟಿತ್ತು. ನಬಾರ್ಡ್ 2021–22ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೇಶದಲ್ಲಿ ಸಾಲವಿರುವ ಗ್ರಾಮೀಣ ಕುಟುಂಬಗಳ ಪ್ರಮಾಣ ಶೇ 52ರಷ್ಟಿತ್ತು. ಕರ್ನಾಟಕದ ಅಂಕಿಯನ್ನೇ ಹಿಡಿದರೆ, ರೈತರ ಓಣಿಯೊಂದರಲ್ಲಿ ಮೂವತ್ತು ಮನೆಗಳಿದ್ದರೆ ಇಪ್ಪತ್ತು ಮನೆಗಳಲ್ಲಿ ಸಾಲವಿದೆ ಎಂದಾಯಿತು. ಹಾಗಿದ್ದೂ ಆ ಇಪ್ಪತ್ತರಲ್ಲಿ ಪ್ರತಿಯೊಂದು ಮನೆಯೂ ಈ ಓಣಿಯಲ್ಲಿ ಮಾನ ಕಳೆದುಕೊಳ್ಳುವ ಸ್ಥಿತಿಗೆ ಬಂದಿರುವುದು ತಾನೊಂದೇ ಎಂದು ನಂಬಿಕೊಂಡಿರುತ್ತದೆ. ಜ್ವರ ಬಂದರೆ ಪಕ್ಕದ ಮನೆಯವರಿಗೆ ಹೇಳುತ್ತೇವೆ, ಬೆಳೆಗೆ ರೋಗ ಬಿದ್ದರೆ ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳುತ್ತೇವೆ. ಇಷ್ಟೊಂದು ಮನೆಗಳಿಗೆ ಸಾಮಾನ್ಯವಾದ ಸಾಲದ ವಿಷಯವನ್ನು ಮಾತ್ರ ಯಾರೂ ಬಾಯಿ ಬಿಟ್ಟು ಆಡುವುದಿಲ್ಲ.

ಈ ಮೌನವನ್ನು ಸಾಮಾನ್ಯವಾಗಿ ಸಂಕೋಚ, ಸ್ವಾಭಿಮಾನ ಅಥವಾ ಅಜ್ಞಾನ ಎಂದು ವಿವರಿಸಲಾಗುತ್ತದೆ. ನನಗೆ ಆ ವಿವರಣೆ ಅರ್ಧವೆನಿಸುತ್ತದೆ. ನಮ್ಮ ಭಾಗದಲ್ಲಿ ಚಲಾವಣೆಯಲ್ಲಿರುವ ಸಣ್ಣ ಸಾಲಗಳಲ್ಲಿ ಬಹುಪಾಲಿಗೆ ಹೊಲ, ಮನೆ, ಬಂಗಾರ ಯಾವುದೂ ಒತ್ತೆಯಾಗಿರುವುದಿಲ್ಲ. ಒತ್ತೆಯಿಲ್ಲದೆ ಕೊಟ್ಟ ಹಣ ಮರಳಿ ಬರುತ್ತದೆ ಎಂಬ ಧೈರ್ಯ ಕೊಟ್ಟವನಿಗೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡರೆ, ಸಾಲಗಾರನಿಗೆ ಇರುವ ಅವಮಾನದ ಭಯದಿಂದ ಎಂಬ ಉತ್ತರವೇ ಬರುತ್ತದೆ. ಅಡಮಾನ ಎಂಬ ಪದದೊಳಗೆ ಮಾನ ಎಂಬ ಪದ ಕೇಳಿಸುವುದು ಆಕಸ್ಮಿಕವೇ ಇರಬಹುದು. ವ್ಯವಹಾರದಲ್ಲಿ ಮಾತ್ರ ಒತ್ತೆ ಬಿದ್ದಿರುವುದು ಅದೇ. ಹಾಗಾಗಿ ಸಾಲದ ಬಗ್ಗೆ ಮಾತನಾಡಲು ಆಗದಿರುವುದು ಸಾಲಗಾರನ ಮನಸ್ಸಿನ ದೌರ್ಬಲ್ಯ ಮಾತ್ರವಲ್ಲ, ಆ ವಸೂಲಿ ವ್ಯವಸ್ಥೆಯನ್ನು ನಿಲ್ಲಿಸಿರುವ ಆಧಾರಗಳಲ್ಲಿ ಅದೂ ಒಂದು ಎಂಬುದು ಈ ಲೇಖನದ ವಾದ.

ಮೊದಲಿಗೆ ನಮ್ಮ ಮಾತನ್ನೇ ಗಮನಿಸೋಣ. 'ಸಾಲ ಶೂಲ' ಎನ್ನುತ್ತೇವೆ, 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುತ್ತೇವೆ, 'ಸಾಲ ಮಾಡಿ ತುಪ್ಪ ತಿಂದ' ಎಂದು ಹಂಗಿಸುತ್ತೇವೆ. ಮೂರರಲ್ಲೂ ತಪ್ಪು ಸಾಲ ಪಡೆದವನದೇ. ಆದರೆ ಈ ಭಾಗದಲ್ಲಿ ತುಪ್ಪ ತಿನ್ನಲು ಸಾಲ ಮಾಡಿದವರನ್ನು ಹುಡುಕುವುದು ಕಷ್ಟ. ಬೀಜ, ಗೊಬ್ಬರ, ಎಣ್ಣೆ, ಕೂಲಿ, ಬೋರು, ಮಗಳ ಹೆರಿಗೆ, ಅತ್ತೆಯ ಆಪರೇಷನ್ನು, ಮಗನ ಡಿಪ್ಲೊಮಾ ಶುಲ್ಕ ಇವೇ ಸಾಲದ ಕಾರಣಗಳು. ಇನ್ನೊಂದು ಕಡೆ, ಬ್ಯಾಂಕಿನಿಂದ ಕೋಟಿಗಟ್ಟಲೆ ಹಣ ಎತ್ತಿ ಗಿರಣಿ ನಡೆಸುವವರಿಗೆ ನಾವು 'ದೊಡ್ಡ ವ್ಯವಹಾರಸ್ಥರು' ಎನ್ನುತ್ತೇವೆ. ಅವರ ಸಾಲಕ್ಕೆ 'ಲಿಮಿಟ್' ಎಂಬ ಗೌರವದ ಹೆಸರಿದೆ. ಐವತ್ತು ಸಾವಿರ ರೂಪಾಯಿ ಪಡೆದವಳಿಗೆ ಮಾತ್ರ 'ಸಾಲಗಾರ್ತಿ' ಎಂಬ ಹೆಸರು ಅಂಟುತ್ತದೆ. ಮೊತ್ತ ಸಣ್ಣದಾದಷ್ಟೂ ಅವಮಾನ ದೊಡ್ಡದಾಗುತ್ತದೆ ಎಂಬ ಈ ವಿಚಿತ್ರವನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಇದಕ್ಕೆ ಹಿನ್ನೆಲೆಯಾಗಿ ಹಳೆಯ ನೆನಪೊಂದೂ ಇರಬೇಕೆಂದು ನನ್ನ ಊಹೆ. 1976ರಲ್ಲಿ ಜೀತ ಪದ್ಧತಿ ನಿರ್ಮೂಲನೆಯ ಕಾಯ್ದೆ ಮತ್ತು ಕರ್ನಾಟಕದ ಋಣ ಪರಿಹಾರ ಕಾಯ್ದೆ ಬರುವ ತನಕ, ಸಾಲ ತೀರಿಸಲಾಗದವನು ಸಾಹುಕಾರನ ಮನೆಯಲ್ಲಿ ದುಡಿದು ತೀರಿಸಬೇಕಾಗುತ್ತಿತ್ತು. ತಂದೆಯ ಸಾಲಕ್ಕೆ ಮಗ ಜೀತಕ್ಕೆ ನಿಂತದ್ದನ್ನು ಕಣ್ಣಾರೆ ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅಂತಹ ಮನೆಗಳಲ್ಲಿ 'ನಮಗ ಸಾಲ ಐತಿ' ಎಂಬ ಮಾತು ಹಣದ ಲೆಕ್ಕವಾಗಿ ಕೇಳಿಸುವುದಿಲ್ಲ, ಮನೆತನದ ಸ್ವಾತಂತ್ರ್ಯ ಹೋಯಿತೆಂಬಂತೆ ಕೇಳಿಸುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶದ ಸಾಲದ ಸ್ವರೂಪ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಹಸಿರು ಗದ್ದೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು ಇಲ್ಲಿ ಎಲ್ಲರೂ ಸ್ಥಿತಿವಂತರೆಂದು ಭಾವಿಸುತ್ತಾರೆ. ಆದರೆ ಆ ಗದ್ದೆಯಲ್ಲಿ ದುಡಿಯುವವರಲ್ಲಿ ಅನೇಕರು ಹೊಲವನ್ನು ಲೀಸಿಗೆ ಪಡೆದವರು. ಎಕರೆಗೆ ಇಂತಿಷ್ಟು ಚೀಲ ಭತ್ತವೆಂದು ಬಾಯಿಮಾತಿನ ಕರಾರಾಗುತ್ತದೆ. 75 ಕಿಲೋದ ಚೀಲಕ್ಕೆ ಆ ವರ್ಷ ಬೆಲೆ ಇರಲಿ ಬಿಡಲಿ, ಮಾಲೀಕನಿಗೆ ಚೀಲಗಳು ಹೋಗಲೇಬೇಕು. ಪಹಣಿಯಲ್ಲಿ ಹೆಸರಿಲ್ಲದ ಕಾರಣ ಲೀಸುದಾರನಿಗೆ ಬ್ಯಾಂಕಿನ ಬೆಳೆ ಸಾಲ ಸಿಗುವುದು ಕಷ್ಟ. ಊರಿನ ಸಹಕಾರ ಸಂಘದಲ್ಲಿ ಐದು ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಬೆಳೆ ಸಾಲವಿದೆ ಎಂದು ಸರ್ಕಾರ ಹೇಳುತ್ತದೆ, ಅದು ನಿಜ. ಆದರೆ ಆ ಬಡ್ಡಿಯಿಲ್ಲದ ಹಣ ಪಹಣಿ ಇರುವವರ ಕೈಸೇರುತ್ತದೆ, ನೂರಕ್ಕೆ ಮೂರರ ಹಣ ಪಹಣಿ ಇಲ್ಲದವರ ಪಾಲಿಗೆ ಬರುತ್ತದೆ. ಲೀಸುದಾರನಿಗೆ ಉಳಿದಿರುವುದು ದಲಾಲಿ ಅಂಗಡಿ ಮತ್ತು ಗೊಬ್ಬರದ ಅಂಗಡಿಯ ಉದ್ರಿ. ಬೆಳೆ ಬಂದಾಗ ಅದೇ ದಲಾಲಿ ಅಂಗಡಿಗೆ ಮಾಲು ಹಾಕಬೇಕು, ಅವರು ಹೇಳಿದ ದರಕ್ಕೆ ಒಪ್ಪಬೇಕು, ಲೆಕ್ಕದ ಚೀಟಿ ಅವರ ಬಳಿಯೇ ಇರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಈ ವ್ಯವಸ್ಥೆ ಎಷ್ಟು ತೆಳುವಾದ ನೆಲದ ಮೇಲೆ ನಿಂತಿದೆ ಎಂಬುದು ಕಾಣಿಸಿತು. ನಾಟಿ ಮುಗಿಸಿದ ರೈತರು ನದಿಗೆ ಹರಿದುಹೋಗುತ್ತಿದ್ದ ನೀರನ್ನು ಟಿವಿಯಲ್ಲಿ ನೋಡುತ್ತ ಕುಳಿತಿದ್ದರು. ತಾತ್ಕಾಲಿಕ ತಡೆಗೇಟು ಕೂರಿಸುವವರೆಗಿನ ಆ ಒಂದು ವಾರದಲ್ಲಿ ನಮ್ಮ ಊರಿನ ಚಹಾದಂಗಡಿಯಲ್ಲಿ ನೀರಿನ ಕ್ಯೂಸೆಕ್ ಲೆಕ್ಕ, ಗೇಟಿನ ಚೈನಿನ ವಿಷಯ, ಸರ್ಕಾರದ ತಪ್ಪು ಎಲ್ಲವೂ ಚರ್ಚೆಯಾದವು. ಬೆಳೆ ಹೋದರೆ ಯಾರು ಯಾರಿಗೆ ಎಷ್ಟು ಕೊಡಬೇಕಾಗಿದೆ ಎಂಬುದನ್ನು ಒಬ್ಬರೂ ಎತ್ತಲಿಲ್ಲ. ಅಲ್ಲಿ ಕುಳಿತಿದ್ದವರೆಲ್ಲರ ತಲೆಯಲ್ಲಿ ಇದ್ದದ್ದು ಅದೇ ಲೆಕ್ಕವಾಗಿತ್ತೆಂದು ನನಗೆ ಈಗಲೂ ಅನಿಸುತ್ತದೆ.

ಹೆಂಗಸರ ಸಾಲದ ದಾರಿ ಬೇರೆ. ಮೈಕ್ರೊಫೈನಾನ್ಸ್ ಸಂಸ್ಥೆಗಳು ಒತ್ತೆಯಿಲ್ಲದೆ, ಗುಂಪಿನ ಜಾಮೀನಿನ ಮೇಲೆ ಕೊಡುವ ಸಾಲವನ್ನು ನಮ್ಮಲ್ಲಿ 'ಸಂಘದ ಸಾಲ' ಎಂದೇ ಕರೆಯುತ್ತಾರೆ. ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ 20ರಿಂದ 26ರ ಆಸುಪಾಸಿನಲ್ಲಿರುತ್ತದೆ. ಗಂಗಾವತಿ ಸಮೀಪದ ಒಂದು ಕ್ಯಾಂಪಿನಲ್ಲಿ, ಅಂದರೆ ಕಾಲುವೆ ಬಂದ ಮೇಲೆ ಎದ್ದ ಹಳ್ಳಿಯಲ್ಲಿ, ಇಂತಹ ಸಂಘದ ಬೆಳಗಿನ ಸಭೆಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಹದಿನಾಲ್ಕು ಮಂದಿ ಹೆಂಗಸರು ಸಾಲಾಗಿ ಕುಳಿತಿದ್ದರು, ಎಲ್ಲರಿಗೂ ಕಳೆ ತೆಗೆಯಲು ಹೊಲಕ್ಕೆ ಹೋಗುವ ಅವಸರ. ಕಂತಿನ ನೋಟುಗಳನ್ನು ಮಡಚಿ ಸೀರೆಯ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು. ಒಬ್ಬಾಕೆಯ ಬಳಿ ಏಳುನೂರು ರೂಪಾಯಿ ಕಡಿಮೆ ಇತ್ತು. ಸಂಸ್ಥೆಯ ಹುಡುಗ ಬೈಯಲಿಲ್ಲ, ದನಿ ಎತ್ತಲಿಲ್ಲ. ರಿಜಿಸ್ಟರನ್ನು ಮುಚ್ಚದೆ ತೊಡೆಯ ಮೇಲೆ ತೆರೆದಿಟ್ಟುಕೊಂಡು ಮೊಬೈಲು ನೋಡುತ್ತ ಕುಳಿತ. ಉಳಿದವರು ಏಳುವಂತಿರಲಿಲ್ಲ. ಹತ್ತು ನಿಮಿಷ ಯಾರೂ ಮಾತನಾಡಲಿಲ್ಲ, ಕೆಲವರು ಆಕೆಯ ಕಡೆ ನೋಡಿದರು, ಕೆಲವರು ನೋಡದಿರಲು ಪ್ರಯತ್ನಿಸಿದರು. ಕೊನೆಗೆ ಆಕೆ ಎದ್ದು ಹಿಂದಿನ ಬಾಗಿಲಿನಿಂದ ಹೋಗಿ, ಎರಡು ಮನೆ ಆಚೆ ಬಡ್ಡಿಗೆ ಹಣ ಕೊಡುವ ಮುದುಕಿಯಿಂದ ಏಳುನೂರು ತಂದು ಕೊಟ್ಟಳು. ಆ ದಿನದ ವಸೂಲಿ ನೂರಕ್ಕೆ ನೂರು ಆಯಿತು. ಕಾಗದದಲ್ಲಿ ಅದು ಆರೋಗ್ಯಕರ ಸಾಲ.

ಭಾರತೀಯ ರಿಸರ್ವ್ ಬ್ಯಾಂಕಿನ ಮೈಕ್ರೊಫೈನಾನ್ಸ್ ನಿರ್ದೇಶನಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವರ್ಷಕ್ಕೆ ಮೂರು ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಒತ್ತೆರಹಿತ ಸಾಲಗಳಿಗೆ ಅವು ಅನ್ವಯವಾಗುತ್ತವೆ. ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರುವಂತಿಲ್ಲ. ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಬೆದರಿಕೆ, ಕೆಟ್ಟ ಮಾತು ಕೂಡದು. ಸಾಲಗಾರರ ಬಂಧುಗಳನ್ನು, ಸ್ನೇಹಿತರನ್ನು, ಜೊತೆಗೆ ಕೆಲಸ ಮಾಡುವವರನ್ನು ಪೀಡಿಸುವಂತಿಲ್ಲ. ಸಾಲಗಾರರ ಹೆಸರನ್ನು ಪ್ರಕಟಿಸುವಂತಿಲ್ಲ. ವಸೂಲಿಯ ಸ್ಥಳವನ್ನು ಎರಡೂ ಕಡೆಯವರು ಒಪ್ಪಿ ಗೊತ್ತುಮಾಡಬೇಕು, ಅಲ್ಲಿಗೆ ಸಾಲಗಾರರು ಎರಡು ಅಥವಾ ಹೆಚ್ಚು ಬಾರಿ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಈ ಪಟ್ಟಿಯನ್ನು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಅವಮಾನವನ್ನು ವಸೂಲಿಯ ಸಾಧನವಾಗಿ ಬಳಸಲಾಗುತ್ತದೆ ಎಂಬುದು ನಿಯಮ ಮಾಡಿದವರಿಗೆ ಚೆನ್ನಾಗಿ ಗೊತ್ತಿದೆ. ಆದರೆ ನಾನು ಕಂಡ ಪಡಸಾಲೆಯಲ್ಲಿ ಬೆದರಿಕೆ ಇರಲಿಲ್ಲ, ಕೆಟ್ಟ ಮಾತೂ ಇರಲಿಲ್ಲ. ತೆರೆದಿಟ್ಟ ರಿಜಿಸ್ಟರು ಮತ್ತು ಹದಿಮೂರು ಜನರ ಮೌನ ಯಾವ ಕಲಮಿನಡಿ ಬರುತ್ತದೆ?

ಆ ಏಳುನೂರು ರೂಪಾಯಿಯ ಕಡೆಗೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ಅವಮಾನವು ಹಣದ ಲೆಕ್ಕವನ್ನು ಹೇಗೆ ತಲೆಕೆಳಗು ಮಾಡುತ್ತದೆ ಎಂಬುದು ಅಲ್ಲಿದೆ. 60,000 ರೂಪಾಯಿ ಸಾಲವನ್ನು ಶೇ 24ರ ಇಳಿಕೆ ಬಡ್ಡಿಯಲ್ಲಿ (ಉಳಿದ ಅಸಲಿನ ಮೇಲಷ್ಟೇ ಹಾಕುವ ಬಡ್ಡಿ) ಎರಡು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 3,170 ರೂಪಾಯಿ ಆಗುತ್ತದೆ. ಒಂದು ಕಂತು ಒಂದು ತಿಂಗಳು ತಡವಾದರೆ ಅದರ ಮೇಲೆ ಬೀಳುವ ಬಡ್ಡಿ ಸುಮಾರು 63 ರೂಪಾಯಿ. ದಂಡವಿದ್ದರೆ ಅದನ್ನೂ ಬಾಕಿಯಾದ ಮೊತ್ತದ ಮೇಲೆ ಮಾತ್ರ ಹಾಕಬಹುದೇ ಹೊರತು ಇಡೀ ಸಾಲದ ಮೇಲೆ ಅಲ್ಲ. ಅದೇ 3,170 ರೂಪಾಯಿಯನ್ನು ನೂರಕ್ಕೆ ಐದರ ಬಡ್ಡಿಗೆ ತಂದು ಕಂತು ಕಟ್ಟಿದರೆ ತಿಂಗಳಿಗೆ 158 ರೂಪಾಯಿ ಬಡ್ಡಿ. ಆರು ತಿಂಗಳು ಹೀಗೆಯೇ ಮಾಡಿದರೆ ಹೊರಗಿನ ಅಸಲೇ 19,000 ದಾಟಿ, ಅದರ ಬಡ್ಡಿಯೇ ತಿಂಗಳಿಗೆ 950 ರೂಪಾಯಿಗೆ ಬರುತ್ತದೆ. ನೂರಕ್ಕೆ ಐದು ಎಂದರೆ ವರ್ಷಕ್ಕೆ ಶೇ 60. ಕಡಿಮೆ ಬಡ್ಡಿಯ ಸಾಲ ತೀರಿಸಲು ಹೆಚ್ಚು ಬಡ್ಡಿಯ ಸಾಲ ಮಾಡುವುದು ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ. ಆದರೆ ಮೊದಲನೆಯದು ಹದಿಮೂರು ಜನರ ಮುಂದೆ ಕಟ್ಟಬೇಕಾದದ್ದು, ಎರಡನೆಯದು ಹಿಂದಿನ ಬಾಗಿಲಿನಲ್ಲಿ ಸಿಗುವಂಥದ್ದು. ನಮ್ಮ ಅಪ್ಪನ ಡೈರಿಯಲ್ಲೂ ನೂರಕ್ಕೆ ಐದರ ಸಾಲಗಳು ಹಾಗೆಯೇ ಉಳಿದು, ಬಡ್ಡಿಯೇ ಇಲ್ಲದ ಸಹಕಾರ ಸಂಘದ ಸಾಲ ಪ್ರತಿ ವರ್ಷ ಗಡುವಿಗೆ ಸರಿಯಾಗಿ ತೀರಿರುವುದು ಕಂಡಿತು. ನೋಟಿಸು ಬಂದರೆ ಊರಿಗೆ ತಿಳಿಯುತ್ತದೆ ಎಂಬ ಭಯವಷ್ಟೇ ಇದಕ್ಕೆ ಕಾರಣವೆಂದು ಹೇಳಲಾರೆ, ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ. ಆದರೂ ಏಳು ಸಾಲಗಳನ್ನು ಒಂದೇ ಹಾಳೆಯ ಮೇಲೆ ಬರೆದು ಯಾರೊಂದಿಗಾದರೂ ಕುಳಿತು ನೋಡಿದ್ದರೆ, ಯಾವುದನ್ನು ಮೊದಲು ತೀರಿಸಬೇಕೆಂಬುದು ಹೈಸ್ಕೂಲಿನ ಹುಡುಗನಿಗೂ ಹೊಳೆಯುತ್ತಿತ್ತು. ಹಾಗೆ ನೋಡಲು ಬೇಕಾಗಿದ್ದ ಇನ್ನೊಬ್ಬ ಮನುಷ್ಯ ಮನೆಯಲ್ಲಿಯೇ ಇದ್ದಳು.

ಮೌನದಲ್ಲಿರುವವರನ್ನು ತಿಳಿಗೇಡಿಗಳೆಂದು ಕಾಣುವುದು ಅನ್ಯಾಯವಾಗುತ್ತದೆ. ಸಾಲ ಹೊರಬಿದ್ದರೆ ನಿಜವಾದ ನಷ್ಟಗಳಿವೆ. ಹೆಣ್ಣು ನೋಡಲು ಬರುವವರು ಮೊದಲು ವಿಚಾರಿಸುವುದು ಹೊಲ ಎಷ್ಟಿದೆ ಎಂದು, ನಂತರ ಹೊಲದ ಮೇಲೆ ಎಷ್ಟಿದೆ ಎಂದು. ಈತ ಮುಳುಗುತ್ತಿದ್ದಾನೆ ಎಂಬ ಸುದ್ದಿ ಗೊಬ್ಬರದ ಅಂಗಡಿಗೆ ಮುಟ್ಟಿದರೆ ಮುಂದಿನ ಹಂಗಾಮಿನ ಉದ್ರಿ ನಿಲ್ಲುತ್ತದೆ, ಉದ್ರಿ ನಿಂತರೆ ಬಿತ್ತನೆ ನಿಲ್ಲುತ್ತದೆ. ಹೊಲದ ಮಾಲೀಕ ಲೀಸನ್ನು ಬೇರೆಯವರಿಗೆ ಕೊಡುತ್ತಾನೆ. ಸಾಲ ಕೊಟ್ಟ ಇತರರು ಒಟ್ಟಿಗೆ ಬಾಗಿಲಿಗೆ ಬರುತ್ತಾರೆ. ಹೀಗಿರುವಾಗ ಮೌನ ಒಂದು ಲೆಕ್ಕಾಚಾರವೇ ಹೌದು, ಒಂದೆರಡು ಹಂಗಾಮಿನ ಮಟ್ಟಿಗೆ ಸರಿಯಾದ ಲೆಕ್ಕಾಚಾರವೂ ಹೌದು. ತೊಂದರೆಯಾಗುವುದು ಅದು ಐದಾರು ವರ್ಷ ಮುಂದುವರಿದಾಗ. ಆದ್ದರಿಂದ ಸಾಲದ ಬಗ್ಗೆ ಮಾತನಾಡಬೇಕು ಎಂದರೆ ಊರಿಗೆಲ್ಲ ಡಂಗುರ ಹೊಡೆಸಬೇಕು ಎಂದು ನಾನು ಹೇಳುತ್ತಿಲ್ಲ. ಯಾರಿಗೆ, ಯಾವಾಗ, ಯಾವ ಕ್ರಮದಲ್ಲಿ ಎಂಬುದೇ ಇಲ್ಲಿ ಮುಖ್ಯ, ಮತ್ತು ಮೊದಲ ಕಿವಿ ಮನೆಯೊಳಗಿನದೇ ಆಗಬೇಕು.

2025ರ ಆರಂಭದಲ್ಲಿ ಈ ಮೌನ ರಾಜ್ಯದಾದ್ಯಂತ ಒಮ್ಮೆಲೇ ಒಡೆಯಿತು. ಹಲವು ಜಿಲ್ಲೆಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ನಮ್ಮ ಭಾಗದಲ್ಲಿ ಬೇಸಿಗೆಗೆ ಗುಳೆ ಹೋಗುವುದು ಮಾಮೂಲಾದ್ದರಿಂದ ಹಾಗೆ ಹೋದವರಲ್ಲಿ ಎಷ್ಟು ಮಂದಿ ಕೂಲಿಗೆ ಹೋದರು, ಎಷ್ಟು ಮಂದಿ ಕಂತಿಗೆ ಹೆದರಿ ಹೋದರು ಎಂದು ಬೇರ್ಪಡಿಸುವುದೂ ಕಷ್ಟವಾಗಿತ್ತು. ಹಾವೇರಿ ಜಿಲ್ಲೆಯ ಹೆಂಗಸರು ತಾಳಿಗಳನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಿದರು. ಮುಚ್ಚಿಟ್ಟುಕೊಳ್ಳಬೇಕಾದ ವಿಷಯ ಎನಿಸಿಕೊಂಡಿದ್ದನ್ನು ಅವರು ವಿಳಾಸ ಬರೆದು ಕಳುಹಿಸಿದ್ದು ನನಗೆ ಆ ವರ್ಷದ ಅತ್ಯಂತ ದಿಟ್ಟ ಕೆಲಸವಾಗಿ ಕಂಡಿತು. ಸಾಲ ಕೊಡುವವರ ಸಂಘಟನೆಯೇ ಒಬ್ಬರಿಗೆ ಎಷ್ಟು ಸಂಸ್ಥೆಗಳು ಸಾಲ ಕೊಡಬಹುದೆಂಬ ಮಿತಿಯನ್ನು ಬಿಗಿಗೊಳಿಸುತ್ತ ಬಂದದ್ದೂ ಹೆಚ್ಚುಕಡಿಮೆ ಇದೇ ಸಮಯದಲ್ಲಿ. ಹೊಸ ಸಾಲದಿಂದ ಹಳೆಯ ಕಂತು ತುಂಬುತ್ತಿದ್ದ ಮನೆಗಳಲ್ಲಿ ಹೊಸ ಸಾಲ ನಿಂತೊಡನೆ ಮುಚ್ಚಿಟ್ಟದ್ದೆಲ್ಲ ಹೊರಬಂತು.

ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಅದನ್ನು ಒಮ್ಮೆ ಹಿಂದಿರುಗಿಸಿ, ನಂತರ 2025ರ ಫೆಬ್ರವರಿ 12ರಂದು ಅಂಕಿತ ಹಾಕಿದರು; ಅದೇ ವರ್ಷ ಅದರ ಜಾಗದಲ್ಲಿ ಕಾಯ್ದೆ ಬಂತು. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ, ಪೊಲೀಸರು ದೂರು ದಾಖಲಿಸಲು ನಿರಾಕರಿಸುವಂತಿಲ್ಲ, ಪರವಾನಗಿ ಅಥವಾ ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಸರಿ. ಇದನ್ನು 'ಎಲ್ಲ ಸಂಘದ ಸಾಲವೂ ಮನ್ನಾ' ಎಂದು ಕೆಲವರು ತಿಳಿದುಕೊಂಡದ್ದು ತಪ್ಪು. ರಿಸರ್ವ್ ಬ್ಯಾಂಕಿನ ನೋಂದಣಿಯಿರುವ ಸಂಸ್ಥೆಯ ಸಾಲವನ್ನು ಕಟ್ಟಲೇಬೇಕು. ಮೀಟರ್ ಬಡ್ಡಿಯ ವಿರುದ್ಧ 2004ರಿಂದಲೇ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯಿದೆ. ಇಪ್ಪತ್ತು ವರ್ಷ ಅದು ಇದ್ದರೂ ನೂರಕ್ಕೆ ಐದು, ನೂರಕ್ಕೆ ಹತ್ತು ನಡೆಯುತ್ತಲೇ ಇರುವುದಕ್ಕೆ ದೂರು ಕೊಡುವವರು ಇಲ್ಲದಿರುವುದು ದೊಡ್ಡ ಕಾರಣ. ದೂರು ಕೊಡಲು ಮೊದಲು 'ನಾನು ಸಾಲ ಮಾಡಿದ್ದೇನೆ' ಎಂದು ಠಾಣೆಯಲ್ಲಿ ಹೇಳಬೇಕು, ಆ ಒಂದು ವಾಕ್ಯದ ಬಳಿಗೆ ಬಂದು ಜನ ಹಿಂದಿರುಗುತ್ತಾರೆ.

ಜನರನ್ನು ಬಾಯಿ ಮುಚ್ಚಿಸುವ ಭಯಗಳಲ್ಲಿ ಹಲವಕ್ಕೆ ಕಾನೂನಿನ ಆಧಾರವೇ ಇಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂತು ತಪ್ಪಿದ ಮಾತ್ರಕ್ಕೆ ಪೊಲೀಸರು ಬಂಧಿಸಲಾರರು. ಸಾಲದ ಬಾಕಿ ಸಿವಿಲ್ ವಿಷಯ. ಚೆಕ್ಕು ಕೊಟ್ಟು ಅದು ಬೌನ್ಸ್ ಆದರೆ ಕ್ರಿಮಿನಲ್ ಪ್ರಕರಣವಾಗಬಹುದು, ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ ಎನ್ನುವುದು ಆ ಕಾರಣಕ್ಕೇ. ಕೊಡಲು ಮನಸ್ಸಿದ್ದು ಶಕ್ತಿಯಿಲ್ಲದವನನ್ನು ಬಡತನದ ಕಾರಣಕ್ಕಾಗಿ ಸಿವಿಲ್ ಜೈಲಿಗೂ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಇನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ: ಕೋರ್ಟಿನ ಡಿಕ್ರಿಯಾದ ಮೇಲೂ ಸಾಲಗಾರನ ಕುಟುಂಬದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಸಂಪ್ರದಾಯದಂತೆ ಹೆಣ್ಣುಮಗಳು ಬಿಟ್ಟಿರಲಾಗದ ಒಡವೆ, ಕುಶಲಕರ್ಮಿಯ ಸಲಕರಣೆ, ರೈತನ ಒಕ್ಕಲುತನದ ಸಾಮಾನು, ಬದುಕಿಗೆ ಬೇಕಾದ ದನ, ಬಿತ್ತನೆಯ ಬೀಜ ಇವುಗಳನ್ನು ಜಪ್ತಿ ಮಾಡುವಂತಿಲ್ಲ. ಅಂದರೆ ತಾಳಿಗೆ ಮತ್ತು ಅನ್ನದ ಪಾತ್ರೆಗೆ ಕೈ ಹಾಕುವ ಅಧಿಕಾರ ಕೋರ್ಟಿಗೇ ಇಲ್ಲದಿರುವಾಗ, ಮೋಟಾರ್ ಸೈಕಲ್ಲಿನ ಮೇಲೆ ಬಂದ ವಸೂಲಿಗಾರನಿಗೆ ಎಲ್ಲಿಂದ ಬರಬೇಕು?

ಅಪ್ಪನ ಸಾಲದ ವಿಷಯವೂ ಹೀಗೆಯೇ. ಹಿಂದೂ ಕುಟುಂಬಗಳಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧಾರ್ಮಿಕ ಋಣ ಎಂಬ ಹಳೆಯ ತತ್ವವನ್ನು 2005ರ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯು ಆನಂತರದ ಸಾಲಗಳ ಮಟ್ಟಿಗೆ ಕೊನೆಗೊಳಿಸಿದೆ. ಸತ್ತವರು ಬಿಟ್ಟುಹೋದ ಆಸ್ತಿ ಎಷ್ಟು ಕೈಸೇರಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ; ತಾವೇ ಜಾಮೀನು ಹಾಕಿದ್ದರೆ ಮಾತು ಬೇರೆ. ಇದನ್ನು ತಿಳಿದ ಮೇಲೂ ತಂದೆಯ ಮಾತು ಉಳಿಸಲು ಸಾಲ ತೀರಿಸುವ ಮಕ್ಕಳಿದ್ದಾರೆ, ಅದು ಅವರ ದೊಡ್ಡತನ. ಆದರೆ ಅದು ಅವರ ಆಯ್ಕೆಯಾಗಿರಬೇಕೇ ವಿನಾ ಹೆದರಿಕೆಯಿಂದ ಬಂದ ಒಪ್ಪಿಗೆಯಾಗಿರಬಾರದು.

ಮೊಬೈಲಿನ ಸಾಲದ ಆ್ಯಪುಗಳು ಇದೇ ಹಳೆಯ ಅವಮಾನದ ಹೊಸ ವ್ಯಾಪಾರಿಗಳು. ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳನ್ನು ಎತ್ತಿಕೊಂಡು, ಕಂತು ತಪ್ಪಿದೊಡನೆ ಮಾವನಿಗೆ, ಮೇಸ್ತ್ರಿಗೆ, ಕಾಲೇಜಿನ ಗೆಳೆಯರಿಗೆ ಸಂದೇಶ ಕಳುಹಿಸುತ್ತವೆ. ಸಾಲದ ಆ್ಯಪು ಕಾಂಟ್ಯಾಕ್ಟ್ ಪಟ್ಟಿಯನ್ನು ಮುಟ್ಟುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಅಕ್ರಮ ಆ್ಯಪುಗಳು ಕೇಳುವುದಿಲ್ಲ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಮಾಡುವ ನನ್ನ ಪರಿಚಯದ ಹುಡುಗ ಇಂತಹ ಬಲೆಗೆ ಬಿದ್ದಾಗ, ಅವನು ಮಾಡಿದ ಒಳ್ಳೆಯ ಕೆಲಸವೆಂದರೆ ಅವರು ಸಂದೇಶ ಕಳುಹಿಸುವ ಮೊದಲೇ ತಾನೇ ಹತ್ತಿಪ್ಪತ್ತು ಜನರಿಗೆ ವಾಯ್ಸ್ ಮೆಸೇಜು ಕಳುಹಿಸಿದ್ದು: "ನಾ ಒಂದ್ ಆ್ಯಪ್‌ನ್ಯಾಗ ಸಾಲ ತಗೊಂಡು ಸಿಕ್ಕಾಕೊಂಡೀನ್ರಿ. ನಿಮಗ ಏನರ ಹೊಲಸು ಫೋಟೊ ಬಂದ್ರ ಅದು ಸುಳ್ಳು, ಡಿಲೀಟ್ ಮಾಡ್ರಿ." ನಂತರ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟ. ಕರೆಗಳು ಇನ್ನೊಂದು ವಾರ ಬಂದವು, ಆಮೇಲೆ ನಿಂತವು. ಬೆದರಿಸುವವರ ಬಳಿ ಇದ್ದ ಗುಟ್ಟನ್ನು ಅವನೇ ಮೊದಲು ಹೇಳಿಬಿಟ್ಟಿದ್ದ.

ಹೇಳಿಕೊಳ್ಳುವುದು ಒಂದು ಕೆಲಸವಾದರೆ ಕೇಳಿಸಿಕೊಳ್ಳುವುದು ಇನ್ನೊಂದು, ಮತ್ತು ನಾವು ಸೋಲುವುದು ಹೆಚ್ಚಾಗಿ ಎರಡನೆಯದರಲ್ಲಿ. ಮನೆಯಲ್ಲಿ ಒಬ್ಬರು ಸಾಲದ ಮಾತು ತೆಗೆದೊಡನೆ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ 'ಯಾಕ ಮಾಡಿದಿ?' ಎಂಬುದು. ಅಲ್ಲಿಗೆ ಮಾತು ಮುಗಿಯುತ್ತದೆ, ಉಳಿದ ಮೂರು ಸಾಲಗಳು ಹೊಟ್ಟೆಯಲ್ಲೇ ಉಳಿಯುತ್ತವೆ. ಎಷ್ಟು, ಯಾರಿಗೆ, ಎಷ್ಟರ ಬಡ್ಡಿ, ಯಾವಾಗಿನದು, ಚೆಕ್ಕು ಅಥವಾ ಪ್ರೋನೋಟು ಕೊಟ್ಟಿದೆಯೇ ಎಂದು ಕೇಳಿ ಹಾಳೆಯ ಮೇಲೆ ಬರೆದುಕೊಂಡರೆ ಅರ್ಧ ರಾತ್ರಿಯಲ್ಲಿ ಒಂದು ಇಡೀ ಚಿತ್ರ ಸಿಗುತ್ತದೆ. ಅದು ಸಿಕ್ಕ ಮೇಲೆ ಬ್ಯಾಂಕಿಗೆ ಹೋಗುವುದು ಸುಲಭ, ಮತ್ತು ಬೇಗ ಹೋಗುವುದರಲ್ಲಿ ಲಾಭವಿದೆ: ಅಧಿಕೃತವಾಗಿ ಘೋಷಿತವಾದ ಪ್ರಕೃತಿ ವಿಕೋಪದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದಾಗ ಬೆಳೆ ಸಾಲವನ್ನು ದೀರ್ಘ ಕಂತುಗಳಿಗೆ ಬದಲಿಸಲು ಬ್ಯಾಂಕುಗಳಿಗೆ ಅವಕಾಶವಿತ್ತು ಎಂಬುದು ನಮ್ಮ ರೈತರಲ್ಲಿ ಅನೇಕರಿಗೆ ಗೊತ್ತಾಗುವುದು ಖಾತೆ ಸುಸ್ತಿಯಾದ ಮೇಲೆ. 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಳ್ಳಾರಿಯಲ್ಲೇ ಹುಟ್ಟಿತು, ಇಂದಿನ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿಯೂ ಅಲ್ಲಿಯೇ ಇದೆ. ಬ್ಯಾಂಕು ದೂರದಲ್ಲಿಲ್ಲ, ಮ್ಯಾನೇಜರ ಎದುರಿನ ಕುರ್ಚಿಯೇ ನಮಗೆ ದೂರ.

ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆ ನಿಮ್ಮ ಲಿಖಿತ ದೂರಿಗೆ 30 ದಿನಗಳಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು, ಸಹಾಯವಾಣಿ 14448. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಬಹುದು. ಸಾಲದ ಚಿಂತೆಯಲ್ಲಿ ಬದುಕೇ ಬೇಡವೆನಿಸಿದವರು, ಅಥವಾ ಮನೆಯಲ್ಲಿ ಹಾಗೆ ಕುಗ್ಗಿಹೋದವರನ್ನು ಕಂಡವರು, ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೆಸರು ಹೇಳಲೇಬೇಕೆಂದಿಲ್ಲ. ಎಷ್ಟೋ ಮನೆಗಳಲ್ಲಿ ಸಾಲದ ಮೊತ್ತಕ್ಕಿಂತ ಹೆಚ್ಚಾಗಿ ಅದನ್ನು ಒಬ್ಬರೇ ಹೊತ್ತು ತಿರುಗಿದ್ದು ಜೀವಕ್ಕೆ ಎರವಾಗಿದೆ, ಈ ಮಾತನ್ನು ನಾನು ಹಗುರವಾಗಿ ಬರೆಯುತ್ತಿಲ್ಲ.

ನಮ್ಮ ಮನೆಯಲ್ಲಿ ಅಪ್ಪ ಹೃದಯಾಘಾತದಿಂದ ಹೋದರು. ಅದಕ್ಕೂ ಡೈರಿಗೂ ಸಂಬಂಧವಿದೆಯೆಂದು ಹೇಳುವ ಹಕ್ಕು ನನಗಿಲ್ಲ. ಏಳು ಅಕ್ಷರಗಳಲ್ಲಿ ಐದರ ಗುರುತು ಸಿಗದಿದ್ದಾಗ ಅವ್ವ ನಾನು ಬೇಡವೆಂದರೂ ಕೇಳದೆ ಒಂದು ಕೆಲಸ ಮಾಡಿದಳು. ತಿಂಗಳ ಪೂಜೆಗೆ ಬಂದ ಓಣಿಯ ಹಿರಿಯರ ಮುಂದೆ ಡೈರಿಯನ್ನು ಇಟ್ಟು, "ಇದ್ರಾಗ ಯಾರ್ಯಾರ ಹೆಸರೈತಿ ಗೊತ್ತಿಲ್ಲ. ಕೊಡೋರಿದ್ರ ಕೊಡ್ತೀವಿ, ಆದ್ರ ಎಷ್ಟು, ಯಾವಾಗಿಂದು ಅಂತ ನಮ್ಮನಿಗೆ ಬಂದು ಕುಂತು ಹೇಳ್ರಿ" ಎಂದಳು. ಮುಂದಿನ ಎರಡು ವಾರಗಳಲ್ಲಿ ಮೂವರು ಬಂದರು. ಅವರಲ್ಲಿ ಒಬ್ಬರು ಬಡ್ಡಿ ಬೇಡ, ಅಸಲು ಸಾಕು ಎಂದರು, ಇನ್ನಿಬ್ಬರು ಹಾಗೇನೂ ಹೇಳಲಿಲ್ಲ. ನಾಲ್ಕನೆಯವರು ಪಕ್ಕದ ಕ್ಯಾಂಪಿನಿಂದ ಒಂದು ಸಂಜೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತರು. 'ರಾ. 18' ಎಂಬ ಸಾಲಿನ ಮುಂದೆ ಬಡ್ಡಿಯ ಅಂಕಿ ಇರಲಿಲ್ಲ, ಅದನ್ನು ನಾವು ಕೈಗಡವೆಂದು ತಿಳಿದಿದ್ದೆವು. ಕೈಗಡವೇ ಹೌದು, ಆದರೆ ಕೊಟ್ಟವರು ಅಪ್ಪ. ಮಗಳ ಬಾಣಂತನಕ್ಕೆಂದು ಪಡೆದದ್ದನ್ನು ತಮ್ಮ ಮನೆಯಲ್ಲಿಯೂ ಈತನಕ ಹೇಳಿರಲಿಲ್ಲವೆಂದು ಅವರು ಹೇಳಿದರು. ಅವ್ವ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.